ಕಾವ್ಯಶ್ರೀಯ ಸಹಿ

ಕಾವ್ಯಶ್ರೀ ಗ್ರಾಮ ಆಡಳಿತಾಧಿಕಾರಿಯಾಗಿ ಕೆಲಸಕ್ಕೆ ಸೇರಿದ ಏಳನೇ ತಿಂಗಳಿಗೆ ಇಲಾಖೆಯಿಂದ ಡಿಜಿಟಲ್ ಸಹಿಯ ಕೀ ಬಂತು. ನೋಡಲು ಪೆನ್‌ಡ್ರೈವ್ ಹಾಗೆ, ಹೆಬ್ಬೆರಳಿನಷ್ಟು ಉದ್ದ. ಅದು ಬಂದ ವಾರವೇ ಬಿಕ್ಕೋಡಿನಿಂದ ಅವಳ ಸೋದರತ್ತೆ ಹನುಮಮ್ಮ ಬಂದಿದ್ದಳು. ಗಂಡಸಿಯಿಂದ ನಾಲ್ಕು ಕಿಲೋಮೀಟರ್ ದೂರದ ಕಾವ್ಯಶ್ರೀಯ ಊರೇ ಹನುಮಮ್ಮನ ತವರು. ಈಗ ಆ ಮನೆಯಲ್ಲಿ ಇದ್ದವರು ನಾಲ್ಕು ಜನ: ತಮ್ಮ ಸತೀಶ, ಅವನ ಹೆಂಡತಿ ಲತಾಮಣಿ, ಮನೆಯವರೆಲ್ಲ ಕಾವ್ಯ ಅನ್ನುತ್ತಿದ್ದ ಮಗಳು ಕಾವ್ಯಶ್ರೀ, ಮತ್ತು ಕಣ್ಣು ಮಂಜಾಗಿ ಜಗಲಿಯ ಮೇಲೆ ಕೂತಿರುತ್ತಿದ್ದ ತಾಯಿ ಪುಟ್ಟಲಕ್ಷ್ಮಮ್ಮ. ತಂದೆ ಸಣ್ಣಯ್ಯ ಹೋಗಿ ವರ್ಷ ತುಂಬಿತ್ತು. ಹನುಮಮ್ಮ ಬರುವಾಗ ಕಾಫಿಪುಡಿ ತರುತ್ತಿದ್ದಳು, ಹೋಗುವಾಗ ಎರಡು ತೆಂಗಿನಕಾಯಿ ಒಯ್ಯುತ್ತಿದ್ದಳು. ಅದಕ್ಕಿಂತ ಹೆಚ್ಚಿಗೆ ಯಾವತ್ತೂ ಏನೂ ಕೇಳಿದವಳಲ್ಲ.

ರೊಟ್ಟಿ ತಿನ್ನುತ್ತ ಅವಳು ಆ ಕೀಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದ್ರಲ್ಲಿ ಇಂಕು ಎಲ್ಲೈತೆ?"

"ಇಂಕಿಲ್ಲ ಅತ್ತೆ" ಕಾವ್ಯ ನಕ್ಕಳು. "ಒಂದು ಕಾಗದ ಇದ್ರೆ, ಕಂಪ್ಯೂಟರು ಅದರ ಅಷ್ಟೂ ಅಕ್ಷರನ ಅರೆದು ಒಂದು ಉದ್ದದ ಸಂಖ್ಯೆ ಮಾಡ್ತದೆ. ಒಂದು ಅಕ್ಷರ ಆಚೀಚೆ ಆದ್ರೂ ಸಂಖ್ಯೆನೇ ಬೇರೆ ಆಯ್ತದೆ. ಆ ಸಂಖ್ಯೆಗೆ ಇದರೊಳಗಿರೋ ಗುಟ್ಟಿನ ಕೀಲಿ ಬೀಗ ಹಾಕ್ತದೆ. ಅದೇ ಸಹಿ."

"ಬೀಗ ತೆಗೆಯೋರು ಯಾರು?"

"ಯಾರು ಬೇಕಾದ್ರೂ ತೆಗೀಬೋದು. ಈ ಕೀಲಿಗೆ ಜೋಡಿ ಇನ್ನೊಂದು ಐತೆ, ಅದನ್ನ ಎಲ್ಲಾರಿಗೂ ಹಂಚಿರ್ತಾರೆ. ಅದ್ರಲ್ಲಿ ತೆಗೆದಾಗ ಒಳಗಿನ ಸಂಖ್ಯೆನೂ ಕಾಗದದ ಸಂಖ್ಯೆನೂ ಒಂದೇ ಬಂದ್ರೆ, ಕಾಗದ ಯಾರೂ ತಿದ್ದಿಲ್ಲ, ಸಹಿ ಕಾವ್ಯಶ್ರೀದೇ ಅಂತ. ಹಸಿರು ಟಿಕ್ ಬತ್ತದೆ."

"ನಿನ್ನ ಸಹಿ ಕದ್ದು ಹಾಕಕ್ಕಾಗಲ್ವಾ?"

"ಆಗಲ್ಲ. ಗುಟ್ಟಿನ ಕೀಲಿ ಇದರಿಂದ ಹೊರಗೇ ಬರಲ್ಲ. ಜೊತೆಗೆ ಆರಂಕಿ ನಂಬರ್ ಹೊಡೀಬೇಕು, ಅದು ನನ್ನ ತಲೇಲೈತೆ. ನನ್ನ ಬಿಟ್ಟು ಬೇರೆ ಯಾರೂ ಹಾಕಕ್ಕಾಗಲ್ಲ ಅತ್ತೆ."

ಹನುಮಮ್ಮನಿಗೆ ಹಿಗ್ಗೋ ಹಿಗ್ಗು. ಕಾವ್ಯ ಬೇಲೂರಿನಲ್ಲಿ ಪಿಯುಸಿ ಓದಿದ ಎರಡು ವರ್ಷ ಇದ್ದದ್ದು ಬಿಕ್ಕೋಡಿನ ಕಾಫಿ ಎಸ್ಟೇಟಿನಲ್ಲಿ, ಕೆಲಸಗಾರರ ಸಾಲಿನ ಹನುಮಮ್ಮನ ಲೈನ್‌ಮನೆಯಲ್ಲಿ. ಆಗಲೇ ಗಂಡ ತೀರಿಕೊಂಡಿದ್ದ ಹನುಮಮ್ಮ ಐದಕ್ಕೆ ಎದ್ದು ಬುತ್ತಿ ಕಟ್ಟಿ, ಹುಡುಗಿಯನ್ನು ಬಸ್ಸಿಗೆ ಹತ್ತಿಸಿ, ಆಮೇಲೆ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಆ ಹುಡುಗಿ ಈಗ ಸರ್ಕಾರಿ ಅಧಿಕಾರಿ.

"ಲತಾ, ಇದನ್ನ ಎಲ್ಲೆಲ್ಲೋ ಬಿಸಾಕ್ಬೇಡ, ದೇವರ ಗೂಡಲ್ಲಿಡು" ಅಂದಳು. ಕೀ ದೇವರ ಗೂಡಿಗೆ ಹೋಯಿತು.

ಮಳೆಗಾಲದಲ್ಲಿ ಒಂದು ದಿನ ಕಾವ್ಯ ತನ್ನ ವೃತ್ತದ ಹಳ್ಳಿಯೊಂದರಲ್ಲಿ ಬಿದ್ದ ಮನೆಗಳ ಲೆಕ್ಕ ಬರೆಯುತ್ತ ಸಿಕ್ಕಿಹಾಕಿಕೊಂಡಳು. ಹನ್ನೆರಡು ಮಕ್ಕಳ ಸ್ಕಾಲರ್‌ಶಿಪ್ಪಿನ ಆದಾಯ ವರದಿಗೆ ಅವತ್ತೇ ಕೊನೇ ದಿನ. ಲ್ಯಾಪ್‌ಟಾಪೂ ಕೀಯೂ ಮನೆಯಲ್ಲಿ. ಅವಳು ಅಪ್ಪನಿಗೆ ಫೋನು ಮಾಡಿದಳು. ಎಲ್ಲಿ ಚುಚ್ಚಬೇಕು, ಯಾವುದನ್ನು ಒತ್ತಬೇಕು, ಆರಂಕಿ ಯಾವುದು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಎಸ್ಸೆಸ್ಸೆಲ್ಸಿವರೆಗೆ ಓದಿದ ಸತೀಶ ಒಂದೊಂದೇ ಗುಂಡಿ ಹುಡುಕಿ ಒತ್ತಿ ಹನ್ನೆರಡನ್ನೂ ಕಳಿಸಿದ.

ಸಂಜೆ ಅವಳು ಬಂದಾಗ, "ನಿನ್ನ ಸಹಿ ನನ್ನ ಕೈಲೂ ಚೆನ್ನಾಗೇ ಬತ್ತದೆ ಕಣವ್ವ" ಅಂದು ನಕ್ಕ. ಕಾವ್ಯಳೂ ನಕ್ಕಳು. ನಂಬರ್ ಬದಲಾಯಿಸಬೇಕು ಅಂದುಕೊಂಡಳು. ಕೆಲಸದ ಗಡಿಬಿಡಿಯಲ್ಲಿ ಮರೆತಳು.

ಅವರ ಸ್ವಂತ ಊರು ಅವಳ ವೃತ್ತಕ್ಕೆ ಸೇರಿರಲಿಲ್ಲ. ಅದನ್ನು ನೋಡುತ್ತಿದ್ದವನು ಮಹಾಂತೇಶ್. ಕಾರ್ತಿಕದಲ್ಲಿ ಅವನು ಒಂದು ತಿಂಗಳ ತರಬೇತಿಗೆ ಹೋದ. ಅವನ ಹಳ್ಳಿಗಳ ಪ್ರಭಾರ ಕಾವ್ಯಳಿಗೆ ಬಂತು. ಬಂದ ನಾಲ್ಕನೇ ದಿನವೇ ಸತೀಶ ಒಂದು ಅರ್ಜಿ ಹಾಕಿದ. ಸಣ್ಣಯ್ಯನ ಹೆಸರಿನಲ್ಲೇ ಉಳಿದಿದ್ದ ತೆಂಗಿನ ತೋಟವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಮನೆತನದ ವಂಶವೃಕ್ಷ ಬೇಕಿತ್ತು. ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡಿ ವರದಿಗೆ ಸಹಿ ಹಾಕಿದರೆ ಮೇಲಿನವರು ಪತ್ರ ಕೊಡುತ್ತಾರೆ.

ಸಂಜೆ ಊಟಕ್ಕೆ ಕೂತಾಗ ಕಾವ್ಯ ಕೇಳಿದಳು:

"ಅಪ್ಪ, ಅರ್ಜೀಲಿ ತಾತನಿಗೆ ಒಬ್ನೇ ಮಗ ಅಂತ ಐತೆ."

"ಹ್ಞೂ."

"ಅತ್ತೆ?"

ಸತೀಶ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. "ಅಕ್ಕ ಕೇಳಲ್ಲ ಕಣವ್ವ, ನಂಗೊತ್ತು. ಅವಳ ಅಳಿಯ ಇಂದ್ರೇಶ ಕೇಳ್ತಾನೆ. ಜೀಪ್ ಓಡಿಸ್ಕೊಂಡು ಬೇಲೂರಲ್ಲಿ ನಾಕು ಜನರ ಮಾತು ಕೇಳೋನು. ತೋಟ ಎರಡಾದ್ರೆ ಬೋರ್‌ವೆಲ್ ಕೆಳಗಿನ ಪಾಲಿಗೆ ಹೋಯ್ತದೆ. ಮೇಲಿನ ಮರಕ್ಕೆ ನೀರು ಯಾರು ಬಿಡ್ತಾರೆ? ಮೂವತ್ತು ವರ್ಷ ಬುಡ ಬಿಡಿಸ್ದೋನು ನಾನು."

"ಹಂಗಿದ್ರೆ ಅತ್ತೇನ ಕೂರಿಸ್ಕೊಂಡು ಕೇಳಿ. ಬ್ಯಾಡ ಅಂದ್ರೆ ಹಕ್ಕು ಬಿಟ್ಟು ಬರ್ಕೊಡ್ತಾರೆ."

"ಏನಂತ ಕೇಳ್ಲಿ? ಅವಳು ಮದುವೆಯಾಗಿ ಹೋದಾಗಿಂದ ಒಂದು ಸೀರೆ ಸರಿಯಾಗಿ ಕೊಟ್ಟಿಲ್ಲ ನಾನು. ಈಗ ಪಾಲು ಬಿಡು ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಅದಕ್ಕೆ ಅವರು ಹುಟ್ಟೇ ಇಲ್ಲ ಅಂತ ಬರೆಯೋದಾ? ಅಪ್ಪ, ನಮ್ಮ ಮನೆ ಕಾಗದಕ್ಕೆ ನಾನು ಸಹಿ ಹಾಕೋದೇ ತಪ್ಪು. ಮಹಾಂತೇಶ್ ಸರ್ ಬರೋ ತಂಕ ಹಂಗೇ ಇರ್ಲಿ."

"ಅವನು ಊರೆಲ್ಲ ಕೇಳ್ತಾನೆ! ನೀನಿರೋ ಈ ತಿಂಗಳಲ್ಲೇ ಆಗ್ಬೇಕು."

"ಆಗಲ್ಲ."

"ನಿನ್ನ ಓದ್ಸಿದ್ದು ಯಾರೇ?"

"ಪಿಯುಸಿ ಓದ್ಸಿದ್ದು ಅತ್ತೆ."

ಸತೀಶ ತಟ್ಟೆ ತಳ್ಳಿ ಎದ್ದ. ಲತಾಮಣಿ ಮಗಳ ಮೇಲೆ ರೇಗಿದಳು: "ಉಣ್ಣೋವಾಗ ಇದೆಲ್ಲ ಬೇಕಿತ್ತಾ? ಇಡೀ ದಿನ ತೋಟದಲ್ಲಿದ್ದು ಬಂದೋರು."

ಗೋಡೆ ಬದಿಯಿಂದ ಪುಟ್ಟಲಕ್ಷ್ಮಮ್ಮ, "ಹನುಮಿ ವಿಷ್ಯ ಏನೋ ಅಂದ್ರಲ್ಲ. ಬತ್ತಾಳಂತಾ?" ಅಂದಳು.

"ಇಲ್ಲ ಅತ್ತೆಮ್ಮ, ನೀವು ಉಣ್ಣಿ" ಅಂದಳು ಲತಾಮಣಿ.

ಮುಂದಿನ ವಾರ ಕಾವ್ಯಳಿಗೆ ಜ್ವರ ಹಿಡಿಯಿತು. ಗಂಟು ಗಂಟು ಊದಿಕೊಂಡು ಲೋಟ ಎತ್ತಲೂ ಆಗದಂತಾಯಿತು. ಚಿಕೂನ್‌ಗುನ್ಯಾ ಅಂದರು. ಗುರುವಾರ ಬೆಳಿಗ್ಗೆ ಲತಾಮಣಿ ಆಟೋದಲ್ಲಿ ಅವಳನ್ನು ಅರಸೀಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗ್ಲೂಕೋಸ್ ಹಾಕಿಸಿದಳು. ತೋಟಕ್ಕೆ ನೀರು ಬಿಡಬೇಕು ಅಂತ ಸತೀಶ ಮನೆಯಲ್ಲೇ ಉಳಿದ. ಜ್ವರ ಇಳಿದ ಮೇಲೂ ಕಾಲು ಊರಲಾಗದೆ ಕಾವ್ಯ ಮೂರು ವಾರ ರಜೆ ಹಾಕಿ ಮಲಗಿದಳು. ಆ ಮೂರು ವಾರ ಸತೀಶ ಮಗಳನ್ನು ಮಗುವಿನ ಹಾಗೆ ನೋಡಿಕೊಂಡ. ದಿನಾ ಎಳನೀರು ಕೊಚ್ಚಿ ತಂದ, ಗಂಜಿಗೆ ತಾನೇ ಉಪ್ಪು ನೋಡಿ ಹಾಕಿದ. ಮೊಣಕಾಲಿಗೆ ಎಣ್ಣೆ ತಿಕ್ಕಿದ. ಅರ್ಜಿಯ ಮಾತು ಮಾತ್ರ ಎತ್ತಲಿಲ್ಲ. ಅಪ್ಪ ಬಿಟ್ಟುಬಿಟ್ಟರು ಅಂದುಕೊಂಡಳು ಕಾವ್ಯ.

ಅವಳು ಕೋಲು ಹಿಡಿದು ಹಜಾರಕ್ಕೆ ನಡೆಯುವಂತಾದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹನುಮಮ್ಮ ಬಂದಳು. ಚಪ್ಪಲಿ ಬಿಡಲಿಲ್ಲ. ಲತಾಮಣಿ ನೀರು ತಂದರೆ ಮುಟ್ಟಲಿಲ್ಲ. ಕೈಯಲ್ಲಿ ಒಂದು ಹಾಳೆ.

"ಇಂದ್ರೇಶ ಬೇಲೂರಲ್ಲಿ ತೆಗ್ಸಿದ್ದು. ತೋಟದ ಖಾತೆ ಬದಲಾಗ್ತೈತೆ, ತಕರಾರಿದ್ರೆ ಹೇಳಿ ಅಂತ ನೋಟೀಸು ಹಾಕಿದ್ರಂತೆ. ಅದರ ಜೊತೆಗಿರೋ ಕಾಗದ ಇದು. ಓದೇ ಕಾವ್ಯ."

ಕಾವ್ಯ ಓದಿದಳು. ಸಣ್ಣಯ್ಯ, ಹೆಂಡತಿ ಪುಟ್ಟಲಕ್ಷ್ಮಮ್ಮ, ಮಗ ಸತೀಶ. ಬೇರೆ ವಾರಸುದಾರರು ಇಲ್ಲ ಎಂದು ಸ್ಥಳದಲ್ಲಿ ವಿಚಾರಿಸಿ ದೃಢೀಕರಿಸಿದೆ. ಕೆಳಗೆ ಹಸಿರು ಟಿಕ್. ಅವಳ ಹೆಸರು. ಗುರುವಾರದ ತಾರೀಖು, ಬೆಳಿಗ್ಗೆ ಹನ್ನೊಂದು ನಲವತ್ತೆರಡು. ಆ ಹೊತ್ತಿನಲ್ಲಿ ಅವಳ ಕೈಗೆ ಆಸ್ಪತ್ರೆಯ ಸೂಜಿ ಚುಚ್ಚಿತ್ತು.

ಅವಳು ತಲೆಯೆತ್ತಿ ಅಪ್ಪನನ್ನು ನೋಡಿದಳು. ಸತೀಶ ಬಾಗಿಲ ಹೊರಗೆ ಕಾಯಿ ಸುಲಿಯುತ್ತಿದ್ದವನು ಕೈ ನಿಲ್ಲಿಸಿ ನೆಲ ನೋಡುತ್ತಿದ್ದ. ಅಮ್ಮನನ್ನು ನೋಡಿದಳು. ಲತಾಮಣಿ ಚೊಂಬನ್ನು ಕೆಳಗಿಟ್ಟು ಮುಖ ತಿರುಗಿಸಿದಳು.

"ಹೇಳು" ಅಂದಳು ಹನುಮಮ್ಮ. "ಇಂದ್ರೇಶ ಹೇಳ್ದ, ನಾನು ನಂಬ್ಲಿಲ್ಲ. ನಮ್ಮ ಕಾವ್ಯ ಅಲ್ಲ, ಯಾರೋ ಕಳ್ಳ ಸಹಿ ಹಾಕವ್ರೆ ಅಂದೆ. ಆಮೇಲೆ ನೀನೇ ಹೇಳಿದ್ದು ನೆನಪಾಯ್ತು. ನಿನ್ನ ಬಿಟ್ಟು ಬೇರೆ ಯಾರೂ ಹಾಕಕ್ಕಾಗಲ್ಲ ಅಂತ."

ಕಾವ್ಯಳ ಬಾಯಿ ತೆರೆಯಿತು. ನಾನಲ್ಲ ಅಂದರೆ, ಮತ್ಯಾರು ಎಂಬ ಪ್ರಶ್ನೆ ಬರುತ್ತದೆ. ಅಪ್ಪ ಇನ್ನೂ ನೆಲ ನೋಡುತ್ತಲೇ ಇದ್ದ. ಅವಳು ಸುಮ್ಮನೆ ನಿಂತಳು.

ಹನುಮಮ್ಮ ಅವಳ ಕೈಯಿಂದ ಹಾಳೆ ತೆಗೆದುಕೊಂಡಳು.

"ತೋಟ ಬೇಕು ಅಂದಿದ್ರೆ ಬಿಟ್ಟುಕೊಡ್ತಿದ್ದೆ ಕಣೇ. ಬಸ್ಸಿಂದ ಇಳಿದು, ನೀವು ತೋರಿಸ್ದಲ್ಲಿ ಹೆಸರು ಬರೆದು, ಸಾರು ಉಂಡ್ಕೊಂಡು ಹೋಗ್ತಿದ್ದೆ. ನಮ್ಮಪ್ಪಂಗೆ ನಾನು ಹುಟ್ಟೇ ಇಲ್ಲ ಅಂತ ಬರ್ದಿದ್ಯಲ್ಲ. ನೀನು."

ಅವಳ ಚೀಲದಲ್ಲಿ ಕಾಫಿಪುಡಿಯ ಪೊಟ್ಟಣವಿತ್ತು. ಮನೆ ಬಿಡುವಾಗ ರೂಢಿಯಂತೆ ಹಾಕಿಕೊಂಡಿದ್ದಳೇನೋ. ಅದನ್ನು ಜಗಲಿಯ ಮೇಲಿಟ್ಟು, ಒಳಗಿದ್ದ ತಾಯಿಯನ್ನೂ ಮಾತಾಡಿಸದೆ ಹೊರಟುಹೋದಳು.

"ಯಾರು ಹಾಕಿದ್ದು?" ಕಾವ್ಯ ಕೇಳಿದಳು.

"ನಾನೇ" ಅಂದ ಸತೀಶ. "ನೀನೇ ಹೇಳ್ಕೊಟ್ಟಿದ್ಯಲ್ಲ."

"ಅದು ಮಕ್ಕಳ ಸ್ಕಾಲರ್‌ಶಿಪ್ಪಿಗೆ ಅಪ್ಪ!"

"ಇದು ನಮ್ಮ ಹೊಟ್ಟೆಗೆ."

"ಅಮ್ಮ, ನಿಂಗೆ ಗೊತ್ತಿತ್ತಾ?"

ಲತಾಮಣಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಆಸ್ಪತ್ರೆಯಿಂದ ಬಂದ ಮೇಲೆ ಹೇಳಿದ್ರು. ಆಗೋಗಿತ್ತು. ಈಗ ನೀನು ಬಾಯಿ ಬಿಟ್ರೆ ನಿಮ್ಮಪ್ಪ ಜೈಲಿಗೆ ಹೋಯ್ತಾರೆ, ನಿನ್ನ ಕೆಲಸ ಹೋಯ್ತದೆ. ಸುಮ್ನಿರು ಕಾವ್ಯ. ಅವರು ಎರಡು ದಿನ ಕೋಪ ಮಾಡ್ಕೊಂಡು ಸರಿಹೋಯ್ತಾರೆ."

ಹನುಮಮ್ಮ ಸರಿಹೋಗಲಿಲ್ಲ. ಕಾವ್ಯ ದಿನಕ್ಕೆ ನಾಲ್ಕು ಸಲ ಫೋನು ಮಾಡಿದಳು. ಎತ್ತುವವರಿಲ್ಲ. ಅವಳು ಅಡುಗೆಮನೆಯಲ್ಲೇ ತಟ್ಟೆ ಇಟ್ಟುಕೊಂಡು ಒಬ್ಬಳೇ ಉಣ್ಣತೊಡಗಿದಳು. ಸತೀಶ ಮೊದಲಿನಂತೆಯೇ ಎಳನೀರು ಕೊಚ್ಚಿ ಕಿಟಕಿಯಲ್ಲಿಟ್ಟು ಹೋಗುತ್ತಿದ್ದ. ಸಂಜೆಯವರೆಗೂ ಅದು ಹಾಗೇ ಇರುತ್ತಿತ್ತು. ಕಾಫಿಪುಡಿಯ ಪೊಟ್ಟಣವನ್ನು ಲತಾಮಣಿ ಬಿಚ್ಚಲಿಲ್ಲ, ಎಸೆಯಲೂ ಇಲ್ಲ.

ಒಂಬತ್ತನೇ ದಿನ ಕಾವ್ಯ ಆಟೋ ಮಾಡಿಕೊಂಡು ಉಪ ತಹಶೀಲ್ದಾರ್ ಉಮಾಶಂಕರ್ ಅವರ ಮುಂದೆ ಹೋಗಿ ಕೂತಳು. ನಡೆದದ್ದೆಲ್ಲ ಹೇಳಿದಳು. ಅವರು ಕನ್ನಡಕ ತೆಗೆದಿಟ್ಟರು.

"ನೀವು ಆಸ್ಪತ್ರೇಲಿದ್ರಿ ಅಂತ ನಾನು ನಂಬ್ತೀನಮ್ಮ. ಚೀಟಿನೂ ಇದೆ. ಆದ್ರೆ ಈ ಸಹಿ ನೋಡೋದು ಕೀ ಯಾವುದು, ನಂಬರ್ ಸರಿ ಇದ್ಯಾ ಅಂತ ಅಷ್ಟೇ. ಒತ್ತಿದ ಬೆರಳು ಯಾರದು ಅಂತ ಅದಕ್ಕೆ ಗೊತ್ತಾಗಲ್ಲ. ಕೀ ನಿಮ್ಮದು ಅಂದ್ಮೇಲೆ ಸಹಿ ನಿಮ್ಮದೇ. ಬೇರೆಯವರ ಕೈಗೆ ಕೊಟ್ಟಿದ್ದೆ ಅಂದ್ರೆ ಅದೇ ಒಂದು ದೊಡ್ಡ ತಪ್ಪು."

"ಗೊತ್ತು ಸರ್."

"ಪ್ರೊಬೇಷನ್ನಲ್ಲಿದ್ದೀರಿ. ಇನ್ನೂ ಎರಡು ವರ್ಷ ಆಗಿಲ್ಲ. ನೀವು ಬರವಣಿಗೇಲಿ ಕೊಟ್ರೆ ನಾನು ಮೇಲಕ್ಕೆ ಕಳಿಸ್ಲೇಬೇಕು. ಮನೆಗೆ ಹೋಗಿ ಒಂದು ದಿನ ಯೋಚ್ನೆ ಮಾಡಿ."

"ಆ ಕಾಗದ ರದ್ದಾಗಬೇಕು ಅಂದ್ರೆ ಬೇರೆ ದಾರಿ ಇದ್ಯಾ ಸರ್?"

ಉಮಾಶಂಕರ್ ಕುರ್ಚಿಯಿಂದ ಎದ್ದರು. ಬೀರುವಿನಿಂದ ಒಂದು ಬಿಳಿ ಹಾಳೆ ತೆಗೆದು ಅವಳ ಮುಂದಿಟ್ಟರು. ಊದಿದ ಬೆರಳಿನಲ್ಲಿ ಪೆನ್ನು ಹಿಡಿಯಲು ಕಷ್ಟವಾಗುತ್ತಿತ್ತು. ಆ ಹನ್ನೆರಡು ಮಕ್ಕಳ ವರದಿಯ ವಿಷಯವನ್ನೂ ಅವಳು ಬಿಡದೆ ಬರೆದಳು.

ವಾರದೊಳಗೆ ಅಮಾನತಿನ ಆದೇಶ ಬಂತು. ವಂಶವೃಕ್ಷ ರದ್ದಾಯಿತು. ಹನ್ನೆರಡು ವರದಿಗಳನ್ನೂ ತಡೆಹಿಡಿದರು. ಅವು ನಿಜದ ವರದಿಗಳಾಗಿದ್ದರೂ ಮತ್ತೆ ಮೊದಲಿನಿಂದ ಆಗಬೇಕಿತ್ತು. ಒಬ್ಬ ಹುಡುಗನ ತಾಯಿ ಮನೆ ಬಾಗಿಲಿಗೇ ಬಂದು, "ನಿಮ್ಮ ಮನೆ ಜಗಳಕ್ಕೆ ನನ್ನ ಮಗನ ಕಾಲೇಜು ನಿಂತೋಯ್ತಲ್ಲವ್ವ" ಅಂತ ಬೈದು ಹೋದಳು. ಲತಾಮಣಿ ಮಗಳಿಗೆ ಬಡಿಸುವುದನ್ನು ನಿಲ್ಲಿಸಿದಳು. ಪಾತ್ರೆ ಇಟ್ಟಲ್ಲಿ ಇಟ್ಟು ಹೊರಗೆ ಹೋಗಿಬಿಡುತ್ತಿದ್ದಳು. ಒಂದು ಸಲ ಮಾತ್ರ ಅಂದಳು: "ಹೆತ್ತಪ್ಪನ್ನ ಹಿಡಿದುಕೊಟ್ಟೆ. ಇನ್ನೇನು ಬೇಕು ನಿಂಗೆ, ಉಣ್ಣು."

ಇಲಾಖೆಯ ದೂರಿನ ಮೇಲೆ ಸತೀಶನನ್ನು ಅರಸೀಕೆರೆ ಠಾಣೆಗೆ ಕರೆದರು. ಹಿಂದಿನ ದಿನ ಕಾವ್ಯ ಇಂದ್ರೇಶನ ಫೋನಿಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದ್ದಳು. ಸಂಜೆ ಇಂದ್ರೇಶ ಫೋನು ಮಾಡಿ ಒಂದೇ ಮಾತು ಹೇಳಿದ: "ಅತ್ತೆ ನಾಳೆ ಮೊದಲನೇ ಬಸ್ಸಿಗೆ ಅರಸೀಕೆರೆಗೆ ಬತ್ತಾರಂತೆ."

ಅದನ್ನು ಕೇಳಿಸಿಕೊಂಡ ಪುಟ್ಟಲಕ್ಷ್ಮಮ್ಮ ಬೆಳಿಗ್ಗೆಯೇ ಸೊಸೆಗೆ ಹೇಳಿದಳು: "ಅವರೆಕಾಳು ಸುಲಿ ಲತಾ. ಅರಸೀಕೆರೆಗೆ ಬಂದೋಳು ಮನೆಗೆ ಬರ್ದೆ ಹೋಯ್ತಾಳಾ?"

ಠಾಣೆಯಲ್ಲಿ ಸತೀಶ ಬೆಂಚಿನ ತುದಿಯಲ್ಲಿ ಕೂತಿದ್ದ, ಕಾವ್ಯ ಕಂಬದ ಪಕ್ಕ ನಿಂತಿದ್ದಳು. ಹನುಮಮ್ಮ ಇಬ್ಬರನ್ನೂ ನೋಡದೆ ನೇರ ಸಬ್‌ಇನ್‌ಸ್ಪೆಕ್ಟರ್ ಮುಂದೆ ಹೋಗಿ ನಿಂತಳು.

"ನಾನು ಇವನ ಅಕ್ಕ ಸಾರ್. ನನ್ನ ಹೆಸರು ಬಿಡು ಅಂತ ನಾನೇ ಹೇಳಿದ್ದೆ. ನಂಗೆ ತೋಟ ಬ್ಯಾಡ. ಇವನಿಗೆ ಕಾಗದ ಪತ್ರದ ಕೆಲಸ ತಿಳೀದು, ಹಿಂಗ್ ಮಾಡವ್ನೆ."

"ನಿಜಾನಾ ಅಮ್ಮ?"

"ನಿಜ."

"ಬರ್ಕೊಡ್ತೀರಾ?"

ಹನುಮಮ್ಮ ಹೇಳಿದ್ದನ್ನು ಕಾನ್‌ಸ್ಟೇಬಲ್ ಬರೆದುಕೊಂಡ. ಅವಳು ಒಂದೊಂದೇ ಅಕ್ಷರ ಕೂಡಿಸಿ ಕೆಳಗೆ ಹೆಸರು ಬರೆದಳು. ಸಬ್‌ಇನ್‌ಸ್ಪೆಕ್ಟರ್ ಅದನ್ನು ಫೈಲಿಗೆ ಸೇರಿಸಿ, "ಇದರಿಂದ ಇವರ ಭಾರ ಸ್ವಲ್ಪ ಇಳೀತದೆ. ಮಗಳದ್ದು ಇಲಾಖೆ ವಿಷಯ, ಅದಕ್ಕೆ ನಾವೇನೂ ಮಾಡಕ್ಕಾಗಲ್ಲ" ಅಂದ. ಸತೀಶನನ್ನು ಕಳಿಸಿದರು.

ಮೂವರೂ ಬಸ್ ನಿಲ್ದಾಣದವರೆಗೆ ನಡೆದರು. ಜಾವಗಲ್, ಹಳೇಬೀಡು, ಬೇಲೂರು ಅಂತ ಕಂಡಕ್ಟರ್ ಕೂಗುತ್ತಿದ್ದ. ಸತೀಶ ಓಡಿಹೋಗಿ ಅಕ್ಕನ ಎದುರು ನಿಂತ.

"ಅಕ್ಕಾ, ಮನೆಗೆ ಬಾ. ಅವ್ವ ಕಾಯ್ತಾ ಕೂತದೆ."

"ಅವ್ವನ ಹೆಬ್ಬೆಟ್ಟೂ ಐತಲ್ಲ ಆ ಅರ್ಜೀಲಿ. ಇಂದ್ರೇಶ ತೋರಿಸ್ದ."

"ಅವ್ವಂಗೆ ಏನೂ ಗೊತ್ತಿಲ್ಲ ಅಕ್ಕ. ಪಿಂಚಣಿ ಕಾಗದ ಅಂತ ಹೇಳಿ ಒತ್ತಿಸ್ಕೊಂಡೆ."

ಹನುಮಮ್ಮ ಅವನ ಮುಖವನ್ನೇ ನೋಡಿದಳು. ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು.

"ಕಣ್ಣು ಕಾಣದೋಳ ಕೈಲಿ, ಮಗಳೇ ಇಲ್ಲ ಅಂತ ಒತ್ತಿಸ್ದಾ ಸತೀಶ?"

ಅವನು ಅಲ್ಲೇ, ಜನರ ನಡುವೆ, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದ. ಹನುಮಮ್ಮ ಅವನನ್ನು ದಾಟಿ ಬಸ್ಸು ಹತ್ತಿದಳು. ಕಾವ್ಯ ಕುಂಟುತ್ತ ಕಿಟಕಿಯ ಬಳಿ ಬಂದಳು.

"ಅವತ್ತು ನೀನ್ಯಾಕೆ ಸುಮ್ನಿದ್ದೆ?" ಹನುಮಮ್ಮ ಕೇಳಿದಳು. "ಒಂದು ಮಾತು, ನಾನಲ್ಲ ಅಂದಿದ್ರೆ ಸಾಕಿತ್ತು. ಈ ಒಂದು ತಿಂಗಳು ಊಟ ಸೇರ್ಲಿಲ್ಲ ಕಣೇ ನಂಗೆ."

"ಅಪ್ಪ ಅಲ್ವಾ ಅತ್ತೆ."

"ಹ್ಞೂ. ನಾನೂ ಇವತ್ತು ಅದಕ್ಕೇ ಬಂದಿದ್ದು. ತಮ್ಮ ಅಲ್ವಾ ಅಂತ." ಅವಳು ಕಿಟಕಿಯಿಂದ ಕೈ ಚಾಚಿ ಕಾವ್ಯಳ ಊದಿದ ಬೆರಳುಗಳನ್ನು ಒಂದು ಕ್ಷಣ ಹಿಡಿದಳು. "ಎಣ್ಣೆ ಹಚ್ಕೊ. ಇನ್ನು ನಾನು ಬರಲ್ಲ."

ಬಸ್ಸು ಹೊರಟಿತು.

ಅಪ್ಪ, ಮಗಳು ಊರು ಸೇರುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಲತಾಮಣಿ ಗಂಡನಿಗೆ ಕೈ ತೊಳೆಯಲು ನೀರು ಕೊಟ್ಟಳು. ಅವಳು ಐದು ತಟ್ಟೆ ಹಾಕಿದ್ದಳು. ಮುದ್ದೆ, ಅವರೆಕಾಳಿನ ಸಾರು. ಬಹಳ ದಿನದ ಮೇಲೆ ಮಗಳ ತಟ್ಟೆಗೂ ತಾನೇ ಬಡಿಸಿದಳು. ಎಲ್ಲರೂ ಕೂತರು. ಪುಟ್ಟಲಕ್ಷ್ಮಮ್ಮ ಬಚ್ಚಲ ಕಡೆಗೆ ಕಿವಿಗೊಟ್ಟಳು.

"ಹನುಮಿ ಕೈಕಾಲು ತೊಳೀತಾವಳಾ?"

ಲತಾಮಣಿ ಸಾರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು.

"ಬರ್ಲಿಲ್ವೇನ್ಲಾ?"

"ಬಸ್ಸು ತಪ್ಪೋಯ್ತು ಅವ್ವ" ಅಂದ ಸತೀಶ.

"ಅಯ್ಯೋ, ಅದಕ್ಕೇನಂತೆ, ನಾಳೆ ಬತ್ತಾಳೆ ಬಿಡು" ಅಂದಳು ಮುದುಕಿ. ತಡಕಾಡಿ ತನ್ನ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. "ಯಾರೂ ಮುಟ್ಬೇಡಿ, ಅವಳ ಪಾಲು ಎತ್ತಿಡಿ."

ಸತೀಶನ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಲತಾಮಣಿ ಏಳಲಿಲ್ಲ. ಕೊನೆಗೆ ಕಾವ್ಯಳೇ ಗೋಡೆ ಹಿಡಿದು ಎದ್ದು, ಐದನೇ ತಟ್ಟೆಯ ಮುದ್ದೆಯನ್ನು ಒಂದು ಬೋಗುಣಿಗೆ ಹಾಕಿ, ಸಾರು ಬೇರೆ ತೆಗೆದು, ಮೇಲೆ ಮುಚ್ಚಳ ಮುಚ್ಚಿದಳು.

"ಎತ್ತಿಟ್ಟೆ ಅಜ್ಜಿ" ಅಂದಳು.